ಸೀಟಿ ಊದಿದ ಮೇಲೆ

ಮಗರಪಟ್ಟಾ, ಪುಣೆ

ಮಗ ಪ್ರಜ್ವಲಾ,

ನಿನ್ನ ತುಟಿಗೆ ಹೊಲಿಗೆ ಬಿದ್ದಿದೆ, ಮಾತಾಡುವಂತಿಲ್ಲ. ನನಗೂ ಎದುರು ಕೂತು ಹೇಳಲು ಬರುವುದಿಲ್ಲ. ಪಕ್ಕದ ಕೋಣೆಯಿಂದಲೇ ಬರೆಯುತ್ತಿದ್ದೇನೆ.

ನಿನ್ನ ಶಾಲೆಯಲ್ಲಿ ಸರಕಾರದ ಪುಕ್ಕಟೆ ಸೀಟಿನ ಮಕ್ಕಳೆಲ್ಲ ಡಿ ಡಿವಿಜನ್. ಯಾದಗಿರಿ ಕಡೆಯ ಗಾರೆ ಕೆಲಸದವರ ಮಕ್ಕಳು, ಅಲೆಮಾರಿ ಪಾರಧಿಗಳ ಮಕ್ಕಳು, ಯೆರವಡಾ ಜೋಪಡಪಟ್ಟಿಯ ಮಕ್ಕಳು. ಅವರಿಗೆ ಹಿಂದಿನ ಗೇಟು, ಬೇರೆ ನಲ್ಲಿ, ಬೇರೆ ಊಟದ ಬಿಡುವು. ಒಂದನೆಯ ತರಗತಿಯಿಂದ ಏಳನೆಯವರೆಗೆ ಎ ಡಿವಿಜನ್ನಿನ ನೀನು ಅವರೊಂದಿಗೆ ಒಂದು ಮಾತೂ ಆಡಿರಲಿಕ್ಕಿಲ್ಲ. ನಿನ್ನನ್ನು ದೂರುತ್ತಿಲ್ಲ; ನಾವು ಫೀ ಕಟ್ಟುತ್ತಿದ್ದದ್ದೇ ಅದಕ್ಕೆ.

ಆದರೆ ಕಬಡ್ಡಿ ಮುಟ್ಟದೆ ಆಡುವ ಆಟವಲ್ಲ. ಈ ವರ್ಷ ಡಿವಿಜನ್‌ಗಳ ನಡುವೆ ಪಂದ್ಯ ಇಟ್ಟ ಹೊಸ ಮಾಸ್ತರರಿಗೆ ಇದು ಹೊಳೆದಿರಲಿಲ್ಲವೋ, ಚೆನ್ನಾಗಿಯೇ ಹೊಳೆದಿತ್ತೋ. ಡಿ ಡಿವಿಜನ್ನಿನ, ಯಾದಗಿರಿ ಕಡೆಯ ಬಾಬು ನಿಮ್ಮ ಅಂಕಣಕ್ಕೆ ಬಂದಾಗ ನಿಮ್ಮವರು ನಗುತ್ತ ಹಿಂದೆ ಸರಿದರು. "ಏ ಡಬ್ಬಾ, ಸೋಪು ಹಾಕಿ ಮಿಂದು ಬಾ!" ಎಂದು, ಡಿಯವರಿಗೆ ನೀವಿಟ್ಟ ಹೆಸರು ಹಿಡಿದು, ನೀನು ಕೂಗಿದೆ. ಅವನಿಗೆ ತಿಳಿಯಲೆಂದು ಕನ್ನಡದಲ್ಲಿ. ಮನೆಯ ಹೊರಗೆ ನೀನು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಉಸಿರು ಬಿಡದೆ ಒಬ್ಬೊಬ್ಬರನ್ನೇ ಮುಟ್ಟುತ್ತ ಹೋದ. ಕೊನೆಗೆ ಉಳಿದವರೆಲ್ಲ ಒಮ್ಮೆಗೇ ಅವನ ಮೇಲೆ ಬಿದ್ದಿರಿ. ಸೀಟಿ ಊದಿದರು. ಬೇರೆಯವರು ಎದ್ದರು. ನೀನು ಏಳಲಿಲ್ಲ. ಅವನ ಕೈಯನ್ನು ಹಿಂದಕ್ಕೆ ತಿರುವಿದೆ, ಮತ್ತೂ ತಿರುವಿದೆ. ಶಾಮಿಯಾನದ ಕೆಳಗೆ ಕೂತಿದ್ದ ನನಗೆ ಎಲುಬು ಮುರಿದದ್ದು ಕೇಳಿಸಿತು. ನಿನ್ನ ಮುಖ ಶಾಂತವಾಗಿತ್ತು.

ಆಸ್ಪತ್ರೆಯಲ್ಲಿ ಅವನಪ್ಪ ಜಟ್ಟೆಪ್ಪ ತಲೆಯ ಟವೆಲ್ ತೆಗೆದು ನಿಂತ. "ಆಟದಾಗ ಆಗೋದೇರಿ ಸಾಹೇಬ್ರ. ನಿಮ್ಮ ಹುಡುಗಗ ಏನೂ ಪೆಟ್ಟಾಗಿಲ್ಲಲ್ರಿ?" ಶಾಲೆಯೂ ಅದನ್ನು ಆಟವೆಂದೇ ಕರೆಯಿತು.

ಮೊನ್ನೆ ಬಾಬು ಪ್ಲಾಸ್ಟರಿನ ಕೈಯೊಂದಿಗೆ ಮುಂದಿನ ಗೇಟಿನಲ್ಲಿ ಕಾದಿದ್ದ. ಅದೇ ಕೈಯಿಂದ ನಿನ್ನ ಬಾಯಿಗೆ ಹೊಡೆದ. ನೀನು ಬಿದ್ದ ಮೇಲೂ ಹೊಡೆದ. ಪ್ಲಾಸ್ಟರು ಕೆಂಪಾಯಿತು, ಒಳಗೆ ಅವನ ಎಲುಬು ಮತ್ತೆ ಮುರಿಯಿತು, ಆದರೂ ನಿಲ್ಲಿಸಲಿಲ್ಲ. ನಿನ್ನ ಹಲ್ಲುಗಳು ಗೇಟು ಸರಿಯುವ ಹಳಿಯಲ್ಲಿ ಸಿಕ್ಕವು. ಇದನ್ನು ಶಾಲೆ ಆಟವೆನ್ನಲಿಲ್ಲ. ದೂರಿಗೆ ನಾನು ಸಹಿ ಹಾಕಿದರೆ ಅವನನ್ನು ಹೊರಗೆ ಹಾಕಿ ಪೊಲೀಸರಿಗೆ ಒಪ್ಪಿಸುತ್ತಾರಂತೆ.

ನಾನು ಸಹಿ ಹಾಕಿಲ್ಲ.

"ಎಂಥ ಅಪ್ಪ ಮಾರಾಯ್ರೆ ನೀವು? ಮೈಯಲ್ಲಿ ರಕ್ತ ಉಂಟಾ, ಚಾ ಉಂಟಾ?" ಎಂದಳು ನಿನ್ನಮ್ಮ. ಹೋಟೆಲು ನಡೆಸುವ ನನಗೆ ತಕ್ಕ ಬೈಗುಳ.

ಕನಿಕರವೆಂದು ತಿಳಿಯಬೇಡ. ಆ ಕೈ ಅಂದು ನನಗೆ ಸಿಕ್ಕಿದ್ದರೆ ನಾನೇ ಮೂರನೆಯ ಸಲ ಮುರಿಯುತ್ತಿದ್ದೆ. ಸೋಮವಾರ ಶಾಲೆಯ ಸಮಿತಿ ಕೂರುತ್ತದೆ. ಸೀಟಿ ಊದಿದ ಮೇಲೆ ಮೈದಾನದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕೇಳಿದ ಮೇಲೆ ಅವರು ನಿಮ್ಮಿಬ್ಬರನ್ನೂ ತೆಗೆಯಬಹುದು, ಇಬ್ಬರನ್ನೂ ಇಟ್ಟುಕೊಳ್ಳಬಹುದು. ಬೇರೆ ಬೇರೆ ಮಾಡಲು ಮಾತ್ರ ಬಿಡುವುದಿಲ್ಲ.

ಬಾಯಿ ತೆರೆಯಲು ಬಂದ ದಿನ ನನ್ನನ್ನು ಬೈದುಬಿಡು. ಗಾಯ ಬೇಗ ಮಾಯಲಿ ಮಗನೇ, ನಿನ್ನದೂ, ಅವನದೂ.

ನಿನ್ನ ಅಪ್ಪ,
ಸುಂದರ