ತಟ್ಟೆಗೆ ಅಡ್ಡ ಹಿಡಿದ ಕೈ

ಗೌರಿ,

ಮುಸುಕಿನ ಜೋಳದ ಬೇಸಾಯ ನೋಡಿಕೊಂಡು ಬಾ ಎಂದು ಸರ್ಕಾರ ನಿನ್ನ ಗಂಡನನ್ನು ಹುಣಸೂರಿನಿಂದ ಮೆಕ್ಸಿಕೋಗೆ ಕಳಿಸಿದೆ, ನೀನಿದ್ದಿದ್ದರೆ ನಂಬುತ್ತಿರಲಿಲ್ಲ. ಇವತ್ತು ಮಡಕೆಗೆ ಹೆಸರಾದ ಪುಟ್ಟ ಊರೊಂದಕ್ಕೆ ಹೋಗಿದ್ದೆ. ಊರು ಸಣ್ಣದು, ಸಾರು ಮಾತ್ರ ಕೆಂಡದಂಥ ಖಾರ. ಕುಂಬಾರಗಿತ್ತಿಯೊಬ್ಬಳು ಊಟಕ್ಕೆ ಕೂರಿಸಿ, ಮಣ್ಣಿನ ಹೆಂಚಿನಿಂದ ಮುಸುಕಿನ ಜೋಳದ ರೊಟ್ಟಿ ತೆಗೆದು ಬಡಿಸುತ್ತಲೇ ಹೋದಳು. ಸಾಕು ಎನ್ನಲು ನಮ್ಮ ಕಡೆಯ ಪದ್ಧತಿಯಂತೆ ತಟ್ಟೆಗೆ ಕೈ ಅಡ್ಡ ಹಿಡಿದೆ. ಇನ್ನೂ ಕೇಳುತ್ತಿದ್ದಾನೆ ಅಂದುಕೊಂಡು, ಸುಡುವ ರೊಟ್ಟಿಯನ್ನು ಕೈಮೇಲೇ ಹಾಕಿಬಿಟ್ಟಳು! ನಾನು ಹಾರಿದೆ, ಮನೆಮಂದಿಯೆಲ್ಲ ನಕ್ಕರು.

“ಕೈ ತೆಗೀರಿ ಅತ್ಲಾಗೆ, ಇನ್ನೊಂದು ತಿಂದ್ರೆ ಹೊಟ್ಟೆ ಒಡ್ದೋಗಾಕಿಲ್ಲ” ಎಂದು ಮನೆಯಲ್ಲಿ ದಿನಾ ನೀನು ಗದರುತ್ತಿದ್ದೆ.

ಹುಣಸೂರಿನಲ್ಲಿ ಈಗೆಲ್ಲ ನನ್ನ ಊಟ ಹೋಟೆಲಿನಲ್ಲಿ. ಅಲ್ಲಿ ಯಾರೂ ಬಲವಂತ ಮಾಡುವುದಿಲ್ಲ. ನೀನು ಹೋದಮೇಲೆ ಕೈ ಅಡ್ಡ ಹಿಡಿಯಬೇಕಾಗಿ ಬಂದದ್ದು ಇವತ್ತೇ.