ಕುಂಕುಮ ಹಚ್ಚಿ ತಣ್ಣಗಾಗಿಸಿದ ನರಕೋಶಗಳು

ಬೆಳಗಾವಿ, ನವೆಂಬರ್ 1985

ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಖಂಡೇನವಮಿಯ ದಿನ ಯಂತ್ರಗಳ ಪೂಜೆಗೆಂದು ತಾವು ಪ್ರಯೋಗಾಲಯದ ವಿದ್ಯುತ್ತನ್ನು ಬಂದ್ ಮಾಡಿಸಿ, ನನ್ನ ತಂಗಿ ತಾರಾಬಾಯಿ ಬೆಳೆಸಿದ್ದ ನರಕೋಶಗಳನ್ನು ಕೊಂದಿರಿ. ಈಗ ಅದು ಅವಳ ಅಲಕ್ಷ್ಯವೆಂದು ವರದಿ ಬರೆದು, ಪ್ರಯೋಗಾಲಯಕ್ಕೆ ಬೀಗ ಹಾಕಿದ್ದೀರಿ. ಪತ್ರಿಕೆಯಲ್ಲಿ ಅಚ್ಚಾಗಲೆಂದೇ ಬರೆದ ಈ ಬಹಿರಂಗ ಪತ್ರ ಆ ಸುಳ್ಳಿನ ಕುರಿತು.

ಅವಳ ಕೆಲಸವೇನೆಂದು ತಾವು ಒಮ್ಮೆಯೂ ಕೇಳಲಿಲ್ಲ, ಓದುಗರಿಗಾದರೂ ಹೇಳುತ್ತೇನೆ. ಮನೆಯೊಳಗೆ ತತ್ತಿ ಬಾರದ ಜೈನ ಮನೆತನ ನಮ್ಮದು. ಆದರೂ ಅವಳು ಖಾನಾಪುರದಿಂದ ಕಾವಿನ ತತ್ತಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದಳು. "ಬೀಗರು ಕಂಡ್ರ ಏನ ಹೇಳ್ತೀಯವ್ವಾ?" ಎಂದು ಅವ್ವ ಕೇಳಿದರೆ, "ಸಾಲಿಗಿ ಹಾಕಾಕ ಒಯ್ಯಾಕತ್ತೇನಿ ಅಂತೀನಿ" ಎನ್ನುತ್ತಿದ್ದಳು. ಶಾಲೆಗೆ ಹಾಕುವ ಆ ಮಾತು ಪೂರ್ತಿ ಹಾಸ್ಯವಲ್ಲ. ತತ್ತಿಯೊಳಗಿನ ಕೋಳಿಮರಿಯ ಮಿದುಳಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹಾಕಿ, ಮೈಬಿಸಿಯಷ್ಟೇ ಬಿಸಿ ಕಾಯ್ದುಕೊಳ್ಳುವ ಪೆಟ್ಟಿಗೆಯಲ್ಲಿಟ್ಟರೆ ಅವು ಎಳೆ ಚಾಚಿ ಒಂದನ್ನೊಂದು ಮುಟ್ಟುತ್ತವೆ. ಸಣ್ಣ ವಿದ್ಯುತ್ ಮಿಡಿತಕ್ಕೆ ಉತ್ತರಿಸುತ್ತವೆ. ಅದೇ ಮಿಡಿತವನ್ನು ಮತ್ತೆ ಮತ್ತೆ ಕೊಟ್ಟಾಗ ಉತ್ತರ ಬಲವಾಯಿತು. ಇದು ಕಲಿಕೆಯೇ, ಕ್ಷಣಿಕ ಉದ್ರೇಕವೇ? ತಿಳಿಯಲು ಅವುಗಳನ್ನು ಹಬ್ಬದ ರಜೆಯಿಡೀ ಸುಮ್ಮನೆ ಬಿಟ್ಟು, ನಂತರ ಮತ್ತೆ ಕೇಳಬೇಕಿತ್ತು. "ಬಂದ್ ಮಾಡಬೇಡಿ" ಎಂಬ ಚೀಟಿಯನ್ನು ಪೆಟ್ಟಿಗೆಗೆ ಅಂಟಿಸಿ ಮನೆಗೆ ಬಂದಳು. ತಾವು ಆ ಚೀಟಿಯ ಮೇಲೆಯೇ ಚೆಂಡುಹೂವಿನ ಮಾಲೆ ಹಾಕಿದಿರಿ.

ದಸರೆ ಮುಗಿಸಿ ಅವಳು ಹೋದಾಗ ಪೆಟ್ಟಿಗೆ ತಣ್ಣಗಿತ್ತು. ತಾವು ನಗುತ್ತ ಅಂದಿರಿ: "ವರ್ಷಕ್ಕೊಮ್ಮಿ ಮಷೀನಿಗೂ ಸೂಟಿ ಬ್ಯಾಡೇನ್ರಿ ಬಾಯಾರ?"

"ಒಳಗ ಜೀವ ಇದ್ದುವ್ರಿ ಸರ್."

"ನಾಕ ತತ್ತಿ ಮತ್ತ ತರ್ಸೂಣು ಬಿಡ್ರಿ. ಅದಕ್ಯಾಕ ಅಳ್ತೀರಿ?"

ಅವಳು ತತ್ತಿಗಾಗಿ ಅತ್ತಳೆಂದುಕೊಂಡಿರಾ? ಪೂಜೆಗೆ ನನ್ನ ವಿರೋಧವಿಲ್ಲ. ಅಂದು ತಮ್ಮ ಮನೆಯ ಫ್ರಿಜ್ಜಿಗೂ ಕುಂಕುಮ ಹಚ್ಚಿರಬೇಕು. ಅದನ್ನೂ ಬಂದ್ ಮಾಡಿದಿರಾ? ಇಲ್ಲ, ಹಾಲು ಕೆಟ್ಟೀತೆಂಬ ವಿವೇಕ ತಮಗಿದೆ. ಅನುವಾದಿತ ಕಾದಂಬರಿಗಳಲ್ಲಿ ಹಲವು ದೇಶಗಳ ನಿರ್ದಯ ಅಧಿಕಾರಿಗಳನ್ನು ಕಂಡಿದ್ದೇನೆ. ಕುಂಕುಮ ಹಚ್ಚಿ ಕೊಂದು, ಆಮೇಲೆ ತಪ್ಪನ್ನು ಅತ್ತವಳ ಹೆಸರಿಗೇ ಬರೆದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಆ ವರದಿಯನ್ನು ಹಿಂತೆಗೆದುಕೊಳ್ಳಿ. ವಿದ್ಯುತ್ ಬಂದ್ ಮಾಡಿಸಿದವರು ತಾವೆಂದು ಬರೆದು ಕೆಳಗೆ ಸಹಿ ಹಾಕಿ. ಸೋಮವಾರ ಖಾನಾಪುರದ ಬಸ್ಸಿಳಿದು ಅವಳು ತತ್ತಿಗಳೊಂದಿಗೆ ಬರುತ್ತಾಳೆ, ಬೀಗ ತೆಗೆದಿರಬೇಕು. ಕೋಶಗಳಿಗೆ ನೆನಪು ಉಳಿಯುತ್ತದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ನಮಗೆ ಉಳಿಯುತ್ತದೆ.

ಇಂತಿ,
ಅಂದು ತಾವು ಕಳಿಸಿದ ಪೂಜೆಯ ಪೇಢೆಯನ್ನು ಏನೂ ತಿಳಿಯದೆ ತಿಂದ
ಜಿನಪಾಲ, ಟಿಳಕವಾಡಿ