ಸಂಪತ್ ಮಾಸ್ತರರ ಹಾಸಿಗೆಯ ಪಕ್ಕದಲ್ಲಿ

ರವಿವಾರ, 9 ಮಾರ್ಚ್ 2025

ಇವತ್ತು ನಾನು ಮಾಡಿದ್ದನ್ನು ಬರೆಯಲೂ ನಾಚಿಕೆಯಾಗುತ್ತದೆ.

ನಮ್ಮ ಚರ್ಚಿನ ಹಿರಿಯರಾದ ಸಂಪತ್ ಮಾಸ್ತರರನ್ನು ನೋಡಲು ಬೇಗಂಪೇಟೆಯ ಆಸ್ಪತ್ರೆಗೆ ಹೋಗಿದ್ದೆ. ಅವರು ಉಳಿಯುವುದು ಕಷ್ಟ. "ಜಯಶೀಲಪ್ಪ, ಒಂದು ಪ್ರಾರ್ಥನಾ ಮಾಡ್ರಿ" ಎಂದರು ಅವರ ಹೆಂಡತಿ ಕರುಣಮ್ಮ. ಹೋದ ವರ್ಷ ತಂಗಿಯ ಮಗುವಿಗಾಗಿ ಎಲ್ಲರೆದುರು ಗಟ್ಟಿಯಾಗಿ ಪ್ರಾರ್ಥಿಸಿದ್ದೆ. ಮಗು ಉಳಿಯಲಿಲ್ಲ. ಮತ್ತೆ ಹಾಗೇ ಆದರೆ ಎಂದು ಹೆದರಿ, ಫೋನ್ ಬಂದಂತೆ ನಟಿಸಿ ಹೊರಗೆ ಬಂದುಬಿಟ್ಟೆ.

ಅರ್ಧ ತಾಸು ಮೆಟ್ಟಿಲ ಮೇಲೆ ಕುಳಿತೆ. ಆಮೇಲೆ ಒಳಗೆ ಹೋಗಿ ಕರುಣಮ್ಮನವರಿಗೆ ನಿಜ ಹೇಳಿದೆ.

"ಗುಣಾ ಮಾಡ್ರಿ ಅಂತ ನಿಮಗ ಯಾರು ಅಂದ್ರು?" ಎಂದರು. "ಅದು ಯೇಸುಸ್ವಾಮಿ ಕೆಲಸ. ನೀವು ನಮ್ಮ ಜೋಡಿ ಕುಂತು ಬೇಡ್ಕೊಂಡ್ರ ಸಾಕು."

ಮಾಸ್ತರರ ಕೈ ಹಿಡಿದು "ತಂದೆಯೇ" ಎಂದೆ. ಅಷ್ಟಕ್ಕೇ ಅಳು ಬಂತು. ಆಗ ಅವರೇ ಕಣ್ಣು ಮುಚ್ಚಿ, ತಡೆತಡೆದು ಹೇಳಿದರು: "ಸ್ವಾಮಿ, ಇವನ ಅಂಜಿಕಿ ತೆಗಿ."

ಉಸಿರಾಡಲೇ ಆಗದ ಮನುಷ್ಯ ನನಗಾಗಿ ಪ್ರಾರ್ಥಿಸಿದರು. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿ "ಆಮೆನ್" ಎಂದೆ.

ನಾಳೆ ಮತ್ತೆ ಹೋಗುತ್ತೇನೆ. ಅಂಜಿಕೆ ಇನ್ನೂ ಇದೆ. ಮಾತು ತಡವರಿಸಿದರೂ ನಾನೇ ಅವರಿಗಾಗಿ ಪ್ರಾರ್ಥಿಸುತ್ತೇನೆ.